ಒಂದೇ ಕಣ್ಣಿನ ನೀರು

ದೇವಸುಗೂರಿನ ದೇವರು ಸೂಗೂರೇಶನ ಭಕ್ತರೆಲ್ಲರಿಗೂ ಶರಣು. ಅವನ ಕೃಪೆಯ ಮಾತು ಬರೆಯಲು ಕೂತಿದ್ದೇನೆ, ಆದರೆ ಮೊದಲು ಕೇಡಿನ ಮಾತನ್ನೇ ಹೇಳಬೇಕು. ಹೋದ ಶ್ರಾವಣದಲ್ಲಿ ರಾಯಚೂರಿನಲ್ಲಿ ನನ್ನ ಬಲಗಣ್ಣಿಗೆ ಗ್ಲಾಕೋಮಾ ಆಪರೇಷನ್ ಆಯಿತು. ಹದಿಮೂರನೆಯ ದಿನ ನಮ್ಮ ಯಜಮಾನರು ತೀರಿಕೊಂಡರು.

ನಾನು ದೇವದುರ್ಗದಲ್ಲಿ ಅಂಗನವಾಡಿ ನಡೆಸಿದವಳು. ಎಡಗಣ್ಣು ಈ ರೋಗಕ್ಕೆ ಮೊದಲೇ ಹೋಗಿತ್ತು. ಉಳಿದದ್ದನ್ನಾದರೂ ಕಾಯಲೆಂದು ಡಾಕ್ಟರು ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ದಾರಿ ಮಾಡಿ, ಒಳಗಿನ ಒತ್ತಡ ಇಳಿಸಿದ್ದರು. ಹನಿ ಹಾಕುವ ಕೆಲಸ ಯಜಮಾನರದು. ಗಡಿಯಾರ ನೋಡಿ, ಕೈ ತೊಳೆದು ಬಂದು, "ಮ್ಯಾಲ ನೋಡು, ಸೂಗೂರೇಶ ಕಾಣ್ತಾನ" ಅನ್ನುತ್ತಿದ್ದರು. "ಮಾಳಗಿ ಜಂತಿ ಕಾಣ್ತದ" ಅನ್ನುತ್ತಿದ್ದೆ ನಾನು. ನಲವತ್ತು ವರ್ಷ ಹೀಗೇ ಕಿತ್ತಾಡಿಕೊಂಡು ಬದುಕಿದವರು ನಾವು. ಅಂದು ಬೆಳಗಿನ ಹನಿ ಹಾಕಿ, ಚಹಾ ಕುಡಿಯುತ್ತ ಕೂತವರು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟಲಿಲ್ಲ.

ಮಗಳು ನನ್ನನ್ನು ಮಾನ್ವಿಗೆ ಕರೆದೊಯ್ದಳು. ಕೆಲವು ದಿನಕ್ಕೆ ಅಳುವ ಶಕ್ತಿಯೂ ತೀರಿತು, ನೀರು ಮಾತ್ರ ನಿಲ್ಲಲಿಲ್ಲ. ಎದ್ದರೆ ತಲೆದಿಂಬು ಒದ್ದೆ. ಮಾತಾಡಿಸಲು ಬಂದವರು, "ಎಂಥಾ ಜೀವ ನೋಡ್ರಿ, ನಿದ್ದಿಯಾಗೂ ಅಳ್ತದ" ಅಂದರು. ಸುಳ್ಳೇಕೆ ಹೇಳಲಿ, ಆ ಮಾತು ನನಗೆ ಹಿತವೆನಿಸಿತು. ಕಣ್ಣು ದಿನೇ ದಿನೇ ಮಂಜಾಯಿತು. ಅತ್ತು ಅತ್ತು ಹೀಗಾಯಿತು ಎಂದುಕೊಂಡೆ. ನೀರು ಸೋರಿದರೆ, ಮಂಜಾದರೆ ಅಂದೇ ಬರಬೇಕೆಂದು ಡಾಕ್ಟರು ಹೇಳಿದ್ದರು. ಅದನ್ನೆಲ್ಲ ನೆನಪಿಟ್ಟುಕೊಂಡಿದ್ದವರು ಯಜಮಾನರು.

ಒಂದು ಸೋಮವಾರ ಮಗಳೊಡನೆ ದೇವಸುಗೂರಿಗೆ ಹೋದೆ. ಗುಡಿಯಲ್ಲಿ ದೀಪದ ಮಬ್ಬು ಬೆಳಕಷ್ಟೇ ಕಂಡಿತು, ದೇವರ ಮುಖ ಕಾಣಲಿಲ್ಲ. "ಅವರನ್ನಂತೂ ಒಯ್ದಿ. ಫೋಟೋದಾಗರ ಅವರ ಮುಖ ನೋಡಾಕ ಈ ಕಣ್ಣು ಬಿಡು ಯಪ್ಪಾ" ಅಂದೆ. ಅದು ಪ್ರಾರ್ಥನೆಯಲ್ಲ, ಜಗಳ. ಏನೂ ಆಗಲಿಲ್ಲ. ಬರಿಗೈಯಲ್ಲಿ ರಾಯಚೂರಿನ ಬಸ್ಸು ಹತ್ತಿದೆವು.

ಪಕ್ಕದ ಸೀಟಿನಲ್ಲಿ ಬುರ್ಖಾ ತೊಟ್ಟ ಮುದುಕಿ, ಕಾಲ ಬಳಿ ಹಸಿಮೆಣಸಿನಕಾಯಿ ಚೀಲ. ಬಹಳ ಹೊತ್ತು ನನ್ನನ್ನೇ ನೋಡಿದಳು.

"ಬೇಜಾರ ಮಾಡ್ಕೋಬ್ಯಾಡ್ರಿ ಅಮ್ಮಾ. ಒಂದ ಕಣ್ಣಾಗ ಅಷ್ಟ ಯಾಕ ಅಳಾಕತ್ತೀರಿ?"

"ನಮ್ಮ ಮನಿಯವರು ತೀರ್ಕೊಂಡಾರ" ಅಂದೆ, ಸಿಟ್ಟಿನಿಂದಲೇ.

"ಅಲ್ಲಾ ಅವರಿಗೆ ಜನ್ನತ್ ಕೊಡ್ಲಿ. ಆದ್ರ ನಾ ದಿನಾ ಮೆಣಸಿನಕಾಯಿ ಮಾರಾಕಿ. ಘಾಟು ಹತ್ತಿದ್ರೂ ಎರಡೂ ಕಣ್ಣಾಗ ನೀರು ಬರ್ತದ. ನಿಮ್ಮ ದುಃಖ ಒಂದ ಕಣ್ಣಾಗ ಹೆಂಗ ಇರ್ತದ?"

ಎಡಗೆನ್ನೆ ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಕಾಣದ ಕಣ್ಣಿಗೂ ಅಳಲು ಬರುತ್ತದೆ. ಅವರು ಹೋದ ದಿನ ಎರಡೂ ಅತ್ತಿದ್ದವು. ರಾಯಚೂರಿನಲ್ಲಿ ಇಳಿದವಳೇ ಮಗಳಿಗೆ, "ಮಾನ್ವಿ ಬಸ್ಸು ಬ್ಯಾಡ, ದವಾಖಾನಿಗೆ ನಡಿ" ಅಂದೆ.

ಡಾಕ್ಟರು ಬಣ್ಣದ ಕಾಗದದ ಚೂರನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕಿನಲ್ಲಿ ನೋಡಿದರು. "ಇದು ಕಣ್ಣೀರಲ್ರಿ ಯವ್ವಾ, ಕಣ್ಣಿನ ಒಳಗಿನ ನೀರು. ನಾವು ಮಾಡಿದ ದಾರಿ ಮ್ಯಾಲಿನ ಪದರ ಸೋರಾಕತ್ತದ. ಕಣ್ಣಿನ ಒತ್ತಡ ಪೂರಾ ಇಳದದ. ಒಳಗ ಸೋಂಕು ಹೊಕ್ಕಿದ್ರ ಕಣ್ಣು ಉಳಿಯೋದು ಕಷ್ಟಿತ್ತು" ಅಂದರು. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಣ್ಣಿನ ಮೇಲೆ ಮೆತ್ತನೆಯ ಲೆನ್ಸ್ ಕೂರಿಸಿ, ಹನಿ ಬದಲಿಸಿ, ಬಗ್ಗಬಾರದು, ಉಜ್ಜಬಾರದು ಎಂದರು. ವಾರವಾದರೂ ಸೋರಿಕೆ ನಿಲ್ಲದಿದ್ದಾಗ ಹೊಲಿಗೆ ಹಾಕಿದರು.

ಮುಂದಿನ ತಪಾಸಣೆಯಲ್ಲಿ ಸೋರಿಕೆ ನಿಂತಿತ್ತು. ನರ್ಸಮ್ಮ ಹನಿ ಹಿಡಿದು, "ಮ್ಯಾಲ ನೋಡ್ರಿ" ಅಂದಳು. ನೋಡಿದೆ. ಫ್ಯಾನಿನ ಮೂರೂ ರೆಕ್ಕೆ ಬೇರೆಬೇರೆಯಾಗಿ ಕಂಡವು. ಅಳು ಒಡೆದು ಬಂತು.

"ಸರ್, ಮತ್ತ ನೀರು ಸೋರಾಕತ್ತದ!" ಎಂದು ಅವಳು ಗಾಬರಿಯಾದಳು.

ಡಾಕ್ಟರು ಬಂದು ನನ್ನ ಎರಡೂ ಕೆನ್ನೆ ನೋಡಿದರು. "ಎರಡೂ ಕಣ್ಣಾಗ ಬರಾಕತ್ತದ. ಬಿಡವಾ, ಅಳ್ಲಿ" ಅಂದರು.

ಹಿಂದಿನಷ್ಟು ನೋಟ ಬಂದಿಲ್ಲ. ಆದರೆ ಕೇಳಿದ್ದನ್ನು ಸೂಗೂರೇಶ ಕೊಟ್ಟಿದ್ದಾನೆ, ಫೋಟೋದಲ್ಲಿ ಅವರ ಮುಖ ಕಾಣುತ್ತದೆ. ಗುಡಿಯಲ್ಲಿ ಸುಮ್ಮನಿದ್ದವನು ಬಸ್ಸಿನಲ್ಲಿ ಮಾತಾಡಿದ. ಆ ತಾಯಿಯ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಈಗ ಸಂಕಟಪಡುತ್ತೇನೆ. ದೇವದುರ್ಗಕ್ಕೆ ಮರಳಿದ್ದೇನೆ, ಹನಿ ನಾನೇ ಹಾಕಿಕೊಳ್ಳುತ್ತೇನೆ. ಮೇಲೆ ನೋಡಿದರೆ ಅದೇ ಜಂತಿ. ಆದರೂ ಪ್ರತಿ ಸಲ ಯಜಮಾನರಿಗೆ ಹೇಳುತ್ತೇನೆ: "ಕಾಣ್ತಾನ್ರೀ."