ವಿಭೂತಿ ಹಾಕಿ ಉಜ್ಜಿದ ರೂಪಾಯಿ

ನಮ್ಮ ಮನೆಯಲ್ಲಿ ಬೆಳ್ಳಿ ಅಂದರೆ ಹೊಳೀಬೇಕು. ನಾನು ಗುಮಟಾಪುರಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದೇ ಅದನ್ನ. ಲಿಂಗದ ಕರಡಿಗೆ, ದೀಪ, ಕುಂಕುಮದ ಬಟ್ಟಲು ಎಲ್ಲವನ್ನೂ ಹಬ್ಬಕ್ಕೆ ಮುಂಚೆ ಹುಣಸೆ ನೀರಲ್ಲಿ ಅದ್ದಿ, ವಿಭೂತಿ ಹಾಕಿ ಉಜ್ಜಿ, ಮುಖ ಕಾಣುವ ಹಾಗೆ ಮಾಡಿಡಬೇಕು. ಹೋದ ದೀಪಾವಳಿಗೂ ಹಾಗೇ ಮಾಡಿದೆ. ಮಗಳು ಬಾಣಂತನಕ್ಕೆ ಬಂದಿದ್ದಳು, ತೊಟ್ಟಿಲಲ್ಲಿ ಮೊಮ್ಮಗ ಇದ್ದ, ಈ ಸಲ ಮನೆ ಥಳಥಳ ಅನ್ನಬೇಕು ಅನ್ನೋ ಹುಮ್ಮಸ್ಸು ನನಗೆ. ಆ ಹುಮ್ಮಸ್ಸಿನಲ್ಲಿ ನಮ್ಮ ಯಜಮಾನರ ಮೇಜಿನ ಮೇಲಿದ್ದ ಕರ್ರಗಿನ ಬೆಳ್ಳಿ ರೂಪಾಯಿಯನ್ನೂ ತೊಳೆದು, ಲಕ್ಷ್ಮೀ ಪೂಜೆಯ ತಟ್ಟೆಗೆ ಇಟ್ಟುಬಿಟ್ಟೆ.

ನಮ್ಮ ಯಜಮಾನರು ಚೆಂಡು ಹೂವು, ಕೋಸು ಬೆಳೆಯುವ ಮನುಷ್ಯ. ಆದರೆ ಹಳೇ ನಾಣ್ಯದ ಹುಚ್ಚು. ತಾಳವಾಡಿ ಸಂತೆಗೆ ಹೋದರೆ ಚಿಲ್ಲರೆಯನ್ನು ಎಣಿಸುವುದಿಲ್ಲ, ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆ ರೂಪಾಯಿ ಅವರ ಪೆಟ್ಟಿಗೆಯ ನಾಣ್ಯಗಳಲ್ಲೆಲ್ಲ ಒಳ್ಳೆಯದು. ಒಂದು ಕಡೆ ರಾಣಿಯ ತಲೆ, ಮೈಮೇಲೆಲ್ಲ ನೀಲಿ ಬೆರೆತ ಕಪ್ಪು. ಹಾಸನೂರಿನಲ್ಲಿ ಟೀ ಅಂಗಡಿ ಇಟ್ಟಿರುವ ಅವರ ಗೆಳೆಯರೊಬ್ಬರಿಗೆ ಆ ಕಪ್ಪಿನ ಮೇಲೇ ಆಸೆ. ಹಬ್ಬ ಕಳೆದ ಮೇಲೆ ಅವರು ಬಂದು ರೂಪಾಯಿ ತಗೊಂಡು, ಬದಲಿಗೆ ಆನೆ ಗುರುತಿನ ಹಳೇ ತಾಮ್ರದ ಕಾಸು ಕೊಡುವುದು ಅಂತ ಮಾತಾಗಿತ್ತು. ಅದಕ್ಕೇ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದರು.

ಆನೆ ಕಾಸು ಯಾಕೆ ಅಂದರೆ, ಇವರು ಮಗುವಾಗಿದ್ದಾಗ ಇವರಜ್ಜಿ ಅಂಥದೊಂದನ್ನು ಉಡುದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿದ್ದರಂತೆ. ಒಂದು ದಿನ ಹೊಲದಲ್ಲಿ ಆಡುವಾಗ ದಾರ ಕಿತ್ತು ಕಾಸು ಬಿದ್ದುಹೋಯಿತು. ಆಮೇಲೆ ಅಜ್ಜಿ ಬದುಕಿರುವ ತನಕ ಕಳೆ ಕೀಳುವಾಗೆಲ್ಲ ಮಣ್ಣು ಕೆದಕಿ ನೋಡುತ್ತಿದ್ದರಂತೆ. ಇದನ್ನು ಹೇಳುವಾಗ ಈಗಲೂ ಇವರ ಕೈ ಸೊಂಟಕ್ಕೆ ಹೋಗುತ್ತದೆ. ಅದೇ ಕಾಸು ಸಿಗುವುದಿಲ್ಲ ಅಂತ ಗೊತ್ತು, ಅಂಥದೊಂದು ಕೈಗೆ ಬಂದರೆ ಸಾಕು ಅಂತ ವರ್ಷಗಟ್ಟಲೆ ಕಾದಿದ್ದರು.

ಪೂಜೆಗೆ ಬಂದ ಯಜಮಾನರು ತಟ್ಟೆ ನೋಡಿ ಹಾಗೇ ನಿಂತುಬಿಟ್ಟರು.

"ಇದ್ಯಾರು ಮಾಡಿದ್ದು?"

"ಇನ್ಯಾರು ಮಾಡ್ತಾರೆ, ನಾನೇ ಕಣ್ರೀ. ತಳ ಇಡಿದ ಪಾತ್ರೆ ಅಂಗಿತ್ತು."

"ಏನ್ಮಾಡ್ಬುಟ್ಟಮ್ಮಿ ನೀನು."

ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆ ಮನುಷ್ಯ ಬೈಯಲಿಲ್ಲ. ಪೂಜೆ ಮುಗಿಸಿ, ಜಗುಲಿಯಲ್ಲಿ ಕೂತು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅದು ಕೊಳೆ ಅಲ್ಲವಂತೆ, ಕಾಲ ಕಳೆದ ಹಾಗೆ ಬೆಳ್ಳಿಯ ಮೇಲೆ ತಾನಾಗಿ ಬೆಳೆದ ಚರ್ಮವಂತೆ. ಉಜ್ಜಿದರೆ ಸಣ್ಣ ಸಣ್ಣ ಗೀರು ಬೀಳುತ್ತವೆ, ಭೂತಗನ್ನಡಿ ಹಿಡಿದರೆ ಕಾಣುತ್ತವೆ, ನಾಣ್ಯ ಕೂಡಿಡುವವರು ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ. ತಪ್ಪು ನನ್ನದೇ ಅಂತ ಗೊತ್ತಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಮತ್ತೆ ಕಪ್ಪು ಮಾಡಕ್ಕೆ ದಾರಿ ಇಲ್ವಾ?"

"ಐತೆ. ಬೇಸಿದ ಮೊಟ್ಟೆ ಜೊತೆ ಡಬ್ಬೀಲಿ ಮುಚ್ಚಿಟ್ರೆ ಕಪ್ಪಾಯ್ತದೆ. ಅದು ಮೋಸ ಕಣಮ್ಮಿ. ನಾನು ಕೊಟ್ಟಿದ್ದುಕ್ಕೆ ಅವನು ಭೂತಗನ್ನಡೀನೇ ಇಡಿಯಾಕಿಲ್ಲ, ಅಷ್ಟು ನಂಬವ್ನೆ."

"ಮೋಸ ಆಗ್ಲಿ ಬುಡ್ಲಿ, ಮೊಟ್ಟೆ ನಮ್ಮನೆ ಹೊಸಲು ದಾಟಂಗಿಲ್ಲ," ಅಂದೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಪಾಡ್ಯ ಕಳೆದ ಮಾರನೆಯ ದಿನ ನಮ್ಮೂರಲ್ಲಿ ಗೊರೆಹಬ್ಬ. ಹುಡುಗರು ಟ್ರ್ಯಾಕ್ಟರ್ ತಗೊಂಡು ಹಸು ಇರುವ ಮನೆ ಮನೆಗೂ ಸಗಣಿಗೆ ಬರುತ್ತಾರೆ. ಬೀರೇಶ್ವರನ ಗುಡಿ ಹಿಂದೆ ಅದನ್ನು ರಾಶಿ ಹಾಕಿ, ಗಂಡಸರೆಲ್ಲ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುವ ಹಬ್ಬ. ಇವರು ಕೆರೆ ಕಡೆ ಹೋಗಿದ್ದಾಗ ಹುಡುಗರು ಬಂದರು. ದೇವರ ಕೆಲಸಕ್ಕೆ ಜಿಪುಣತನ ಯಾಕೆ ಅಂತ ನಾನೇ ನಿಂತು, ಕೊಟ್ಟಿಗೆಯ ಮೂಲೆಯ ರಾಶಿಯನ್ನೂ ಬಿಡದೆ ಬಾಚಿಸಿ ಕೊಟ್ಟೆ. ಇವರು ವಾಪಸು ಬಂದು ಕೊಟ್ಟಿಗೆಗೆ ಹೋದವರು, ಬರಿಗಾಲಲ್ಲೇ ಹೊರಗೆ ಬಂದರು. ಮುಖ ಬಿಳುಚಿಕೊಂಡಿತ್ತು.

"ಮೂಲೇಲಿದ್ದ ಸಗಣಿ ಎಲ್ಲಿ?"

"ಗುಡಿಗೆ ಓಯ್ತು. ಯಾಕ್ರೀ?"

ಇವರು ಗೋಡೆಗೆ ಹೇಳುವ ಹಾಗೆ ಹೇಳಿದರು. ಮೊಟ್ಟೆ ಆಗದಿದ್ದರೆ ಸಗಣಿಯ ಕಾವಿಗೂ ಬೆಳ್ಳಿ ಕಪ್ಪಾಗುತ್ತದೆ ಅಂತ, ರೂಪಾಯಿಯನ್ನು ನನ್ನ ಹಳೇ ಸೀರೆಯ ನೀಲಿ ಚೂರಿನಲ್ಲಿ ಕಟ್ಟಿ ಆ ಮೂಲೆಯಲ್ಲಿ ಹೂತಿದ್ದರಂತೆ.

ನನಗೆ ನಗುವೂ ಬಂತು, ರೇಗಿಯೂ ಹೋಯಿತು. ರೇಗಿದ್ದೇ ಮೊದಲು ಹೊರಗೆ ಬಂತು. "ಅಲ್ಲ ಕಣ್ರೀ, ನಾನು ಕೊಳೆ ಅಂದ್ಕೊಂಡು ತೊಳ್ದೆ. ನೀವು ಎಲ್ಲಾ ಗೊತ್ತಿದ್ದೂ ಕೊಳೆ ಅಚ್ಚಕ್ಕೆ ಓಗಿದ್ರಲ್ಲ. ಮೋಸ ಅಂತ ನೀವೇ ಏಳಿದ್ದು. ಮೊಟ್ಟೇಲಿ ಮಾಡುದ್ರೆ ಮೋಸ, ಸಗಣೀಲಿ ಮಾಡುದ್ರೆ ಪುಣ್ಯವಾ?"

ಇವರು ಟವಲು ಹೆಗಲಿಗೆ ಹಾಕಿಕೊಂಡು ಗುಡಿ ಕಡೆ ನಡೆದರು.

ಗುಡಿ ಹತ್ತಿರದ ಮಹಡಿ ಮೇಲೆ ನಿಂತು ನೋಡುತ್ತಿದ್ದ ಹೆಂಗಸರಲ್ಲಿ ನಾನೂ ಒಬ್ಬಳು. ಎಲ್ಲರೂ ಎಸೆಯುತ್ತಿದ್ದಾರೆ, ಇವರೊಬ್ಬರೇ ಮಂಡಿಯೂರಿ ರಾಶಿ ಕೆದಕುತ್ತಿದ್ದಾರೆ. ಬಗ್ಗಿದ ಬೆನ್ನು ಸಿಕ್ಕರೆ ಹುಡುಗರು ಬಿಡುತ್ತಾರಾ? ಊರಿನ ಅರ್ಧ ಸಗಣಿ ಇವರ ಬೆನ್ನ ಮೇಲೇ ಬಿತ್ತು. ಯಾಕೆ ಹುಡುಕುತ್ತಿದ್ದೀನಿ ಅಂತ ಹೇಳುವ ಹಾಗಿಲ್ಲ, ಬಿಟ್ಟು ಬರುವ ಹಾಗೂ ಇಲ್ಲ. ಪಕ್ಕದ ಮನೆಯಾಕೆ, "ನಿಮ್ಮೋರಿಗೆ ಈ ಸಲ ಭಕ್ತಿ ಜಾಸ್ತಿ ಆಗದೆ," ಅಂದಳು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಗುನಗುತ್ತಲೇ ಅಯ್ಯೋ ಅನ್ನಿಸಿತು. ಮಗುವಿನ ಸೊಂಟದಿಂದ ಬಿದ್ದ ಕಾಸಿಗೆ ಅಜ್ಜಿ ಹೊಲ ಕೆದಕಿದ್ದೂ ಹೀಗೇ ಇರಬೇಕು.

ಎಲ್ಲ ಮುಗಿದು ಜನ ಕೆರೆಗೆ ಹೋದ ಮೇಲೆ, ಉಳಿದ ಸಗಣಿಯನ್ನು ಗೊಬ್ಬರಕ್ಕೆ ತುಂಬುವ ಹೊತ್ತಿಗೆ, ತಳದಲ್ಲಿ ನೀಲಿ ಬಟ್ಟೆ ಸಿಕ್ಕಿತಂತೆ. ಮನೆಗೆ ತಂದು ಬಿಚ್ಚಿದರೆ ರೂಪಾಯಿ ಬೆಳ್ಳಗೂ ಇಲ್ಲ, ಕರ್ರಗೂ ಇಲ್ಲ, ಅಲ್ಲಲ್ಲಿ ಹಳದಿ ಮಚ್ಚೆ. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಇನ್ನೂ ನಾಲ್ಕು ದಿನ ಹೂತಿಟ್ಟರೆ ಬಣ್ಣ ಕೂರುತ್ತಿತ್ತೋ ಏನೋ. ನಾನು ಈ ಸಲ ಬಾಯಿ ಬಿಡಲಿಲ್ಲ. ಅವರಾಗೇ ಫೋನು ತೆಗೆದು ಹಾಸನೂರಿಗೆ ಮಾಡಿ, ತೊಳೆದದ್ದು, ಹೂತದ್ದು, ಎಲ್ಲ ಹೇಳಿದರು. ಹೆಂಡ್ತಿ ತೊಳೆದಳು ಅನ್ನಲಿಲ್ಲ, ನಮ್ಮನೇಲಿ ತೊಳೆದುಬುಟ್ಟೋ ಅಂದರು. ಆ ಮಾತು ಕೇಳಿ ನನಗೆ ಕಣ್ಣು ತುಂಬಿತು.

ಆದರೂ ಗೆಳೆಯರು ಹೇಳಿದ ದಿನಕ್ಕೇ ಬಂದರು. ಟೀ ಅಂಗಡಿಯವರಿಗೆ ನನ್ನ ಟೀ ಕೊಡಲು ನನಗೆ ಯಾವತ್ತೂ ಭಯ. ಕುಡಿದರು. ಇವರೇ ರೂಪಾಯಿ ಮುಂದಿಟ್ಟು, ಭೂತಗನ್ನಡಿಯನ್ನೂ ಕೈಗೆ ಕೊಟ್ಟರು. ಗೆಳೆಯರು ಮೊದಲ ಸಲ ಅದನ್ನು ಹಿಡಿದು ನೋಡಿದರು.

"ಇದಕ್ಕೆ ಆ ಕಾಸು ಕೊಡಕ್ಕಾಗಲ್ಲ ಅಣ್ಣಾ," ಅಂದರು ತಮಿಳು ಬೆರೆತ ಕನ್ನಡದಲ್ಲಿ.

"ಕೊಡಬ್ಯಾಡ. ನಾನೂ ಈಸ್ಕೊಳಾಕಿಲ್ಲ," ಅಂದರು ಇವರು. ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಟವಲಿನ ಅಂಚು ಹಿಂಡುತ್ತಿತ್ತು.

ಗೆಳೆಯರು ಜೇಬಿನಿಂದ ಬೇರೊಂದು ಕಾಗದದ ಪೊಟ್ಟಣ ತೆಗೆದರು. "ಇದು ಓಟ್ಟೆ ಕಾಸು, ತೂತು ಬಿದ್ದದ್ದು. ಒಬ್ಬ ಲಾರಿ ಡ್ರೈವರ್ ಕೊಟ್ಟಿದ್ದು. ನಾಣ್ಯದವರು ಯಾರೂ ಬೇಡ ಅಂತಾರೆ. ಕೆಟ್ಟಿದ್ದಕ್ಕೆ ಕೆಟ್ಟಿದ್ದು, ಸರಿಗೆ ಸರಿ."

ಆನೆ ಇತ್ತು. ಸೊಂಡಿಲ ಮೇಲೆ ತೂತು. ತೂತು ಹೊಡೆದ ಕಾಸನ್ನು ನಮ್ಮ ಯಜಮಾನರು ಯಾವತ್ತೂ ಪೆಟ್ಟಿಗೆಗೆ ಸೇರಿಸಿದವರಲ್ಲ. ಇವರು ಭೂತಗನ್ನಡಿ ಹಿಡಿದು ಆ ತೂತನ್ನೇ ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ತೂತಿನ ಮೇಲಿನ ಅಂಚು ದಾರ ಉಜ್ಜಿ ಉಜ್ಜಿ ಸವೆದಿತ್ತು.

"ಇದು ಕೆಟ್ಟಿಲ್ಲ ಕಣಮ್ಮಿ. ಯಾವುದೋ ಮಗೀನ ಸೊಂಟದಲ್ಲಿತ್ತು."

ಒಳಗೆ ತೊಟ್ಟಿಲಲ್ಲಿ ಮೊಮ್ಮಗ ಎದ್ದು ಅಳುತ್ತಿದ್ದ. ಇವರು ಒಂದು ಸಲ ಆ ಕಡೆ ನೋಡಿದರು. ಕಾಸಿನ ಮೇಲೆ ಹಸಿರು ಕಿಲುಬಿತ್ತು, ಅದು ಎಷ್ಟು ಹಳೆಯದೋ ಏನೋ. ನಾನು ಮುಟ್ಟಲಿಲ್ಲ, ಕೈ ಸೆರಗಿನೊಳಗೆ ಇಟ್ಟುಕೊಂಡೇ ನಿಂತಿದ್ದೆ. ಇವರೇ ಎದ್ದು ಬಂದು ನನ್ನ ಅಂಗೈ ಬಿಡಿಸಿ ಅದನ್ನು ಇಟ್ಟರು.

"ಮಗೀಗೆ ಕಟ್ಟೋದಲ್ವಾ," ಅಂದರು, "ಚೆನ್ನಾಗಿ ತೊಳಿ."