ಮುನ್ನೂರರ ಸ್ಪೀಡು, ಮುಷ್ಟಿಯಲ್ಲೇ ಉಳಿದ ಅಕ್ಷತೆ

ಕಳೆದ ವರ್ಷದ ಲಗ್ನಸರಾಯಿಯ ಮಾತಿದು. ನಮ್ಮ ಅಕ್ಕನ ಮೊಮ್ಮಗಳು ಭಾಗ್ಯಶ್ರೀಯ ಮದುವೆ ಮುದ್ದೇಬಿಹಾಳದಲ್ಲಿ ನಿಶ್ಚಯವಾಗಿತ್ತು. ತಾಯಿಯಿಲ್ಲದ ಆ ಹುಡುಗಿಯನ್ನು ಮೂರು ವರ್ಷದ ಕೂಸಿದ್ದಾಗಿನಿಂದ ಸಾಕಿದವಳು ನಮ್ಮಕ್ಕ. ಮದುವೆಗೆ ತಿಂಗಳಿರುವಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಆದ ಮೇಲೆ ಇಂಡಿ ಊರಿನ ನಮ್ಮ ಮನೆಯಲ್ಲೇ ಮಲಗಿಸಿದೆವು. ಅಷ್ಟು ದೂರದ ಗಾಡಿ ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಅಕ್ಕ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮೂರನೆಯ ದಿನ ಭಾಗ್ಯಶ್ರೀಯೇ ಫೋನ್ ಮಾಡಿದಳು. "ಅಮ್ಮಾ, ಫೋಟೋದವರು ಲಗ್ನಾ ಲೈವ್ ತೋರಸ್ತಾರ. ನೀ ಅಲ್ಲೇ ಕುಂತು ನೋಡು. ಅಕ್ಷತಾನೂ ಅಲ್ಲಿಂದನ ಹಾಕು." ಅಕ್ಕನಿಗೆ ಕಣ್ಣಿನಲ್ಲಿ ಪೊರೆ. ಮೊಬೈಲಿನ ಚಿತ್ರ ಅವಳಿಗೆ ಇರುವೆ ಹರಿದಾಡಿದಂತೆ. ದೊಡ್ಡ ಟಿವಿಯೇ ಆಗಬೇಕು. "ಯಕ್ಕಾ, ಇಂಟರ್ನೆಟ್ ಹಾಕಸ್ತೇನಿ. ಮಂಟಪದಾಗ ಕುಂತಂಗ ನೋಡ್ತಿ. ಇದು ನನ್ನ ಮಾತು" ಎಂದೆ. ಅಕ್ಕ ಆಗಲೇ ಗೋಡೆ ಬಿಟ್ಟು ಈಚೆ ಹೊರಳಿದ್ದು.

ನಾನು ಎತ್ತಿನ ದಲಾಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಅಕ್ಕ ತಲೆಯ ಮೇಲೆ ಹಗ್ಗದ ಹೊರೆ ಹೊತ್ತು ಮುಂದೆ, ನಾನು ಮೂಗುದಾರದ ಗಂಟು ಹಿಡಿದು ಹಿಂದೆ. ಹಾಗೆ ಸಂತೆ ಸಂತೆ ತಿರುಗಿ ಮೇಲೆ ಬಂದವರು ನಾವು. ಇಂದು ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ದನದ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿಯುವುದರಲ್ಲಿ ನನ್ನ ಮುಂದೆ ಕೂರುವವರು ಕಡಿಮೆ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಇಂಥ ನಾನೇ ಹೇಗೆ ಮೋಸ ಹೋದೆ ಎಂಬುದು ಓದುವವರಿಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಬಸ್ ನಿಲ್ದಾಣದ ಹತ್ತಿರ ಇಂಟರ್ನೆಟ್ ಏಜೆಂಟನೊಬ್ಬನ ಅಂಗಡಿ. ಮಾತು ಬಲು ಸಿಹಿ.

"ಕಾಕಾ, ಟಿವಿಯಾಗ ಲೈವ್ ನೋಡಬೇಕಂದ್ರ ಮುನ್ನೂರ ಎಂಬಿಪಿಎಸ್ ಬೇಕ ಬೇಕ್ರಿ. ಐವತ್ತು, ನೂರು ಎಲ್ಲಾ ಬರೇ ಮೊಬೈಲ್ ನೋಡಾವ್ರಿಗೆ."

"ಕಡಿಮಿದು ಹಾಕಿದ್ರ ಏನಾಕ್ಕೈತಿ?"

"ಚಿತ್ರ ನಿಂತ್ ಬಿಡ್ತೈತ್ರಿ. ಲಗ್ನದಾಗ ತಾಳಿ ಕಟ್ಟೂ ಹೊತ್ತಿಗೆ ನಿಂತ್ರ ನನ್ನ ಬೈಬ್ಯಾಡ್ರಿ ಮತ್ತ!"

ನನ್ನ ಮರ್ಮಕ್ಕೆ ಕೈ ಹಾಕಿದ. ಸರಿ, ಮುನ್ನೂರಕ್ಕೇ ದರ ಜಗ್ಗಾಡಲು ಕೂತೆ. ಎರಡು ಸಲ ಎದ್ದು ಹೊರಟೆ, ಎರಡು ಸಲವೂ ಅವನೇ ಕರೆದ. ಕಡೆಗೆ ನೂರರ ದರಕ್ಕೆ ಮುನ್ನೂರರದು, ಮೇಲೆ ವೈಫೈ ಡಬ್ಬಿ ಪುಕ್ಕಟೆ ಎಂದು ಕೈ ಕುಲುಕಿದೆವು. ಮನೆಗೆ ಬರುವಾಗ ಜೋಡಿ ಎತ್ತನ್ನು ಒಂಟಿ ಎತ್ತಿನ ದರಕ್ಕೆ ಹೊಡೆದುಕೊಂಡು ಬಂದವನ ನಡಿಗೆ ನನ್ನದು.

ತಂತಿ ಎಳೆಯಲು ಅವನೇ ಬಂದ. ಬೀದಿ ಕಡೆಯ ಪಡಸಾಲೆಯಲ್ಲಿ ಡಬ್ಬಿ ಕೂರಿಸಿದ. ತಂತಿಯ ತುದಿಯನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿ, "ನೋಡ್ರಿ ಕಾಕಾ" ಎಂದ. ತೆರೆಯ ಮೇಲೆ ಸ್ಪೀಡು ತೋರಿಸುವ ಮುಳ್ಳು ಸರ್ರನೆ ಓಡಿ ಮುನ್ನೂರಕ್ಕೆ ಮುಟ್ಟಿತು. ಟಿವಿಯೂ ಆಗ ಪಡಸಾಲೆಯಲ್ಲೇ ಇತ್ತು. ವಾರವಿಡೀ ಧಾರಾವಾಹಿಗಳು ಚೆನ್ನಾಗಿಯೇ ಓಡಿದವು.

ಮದುವೆಯ ದಿನ ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಮುದ್ದೇಬಿಹಾಳಕ್ಕೆ ಕಳಿಸಿ ಅಕ್ಕನ ಹತ್ತಿರ ನಾನೊಬ್ಬನೇ ಉಳಿದೆ. ಟಿವಿಯನ್ನು ಒಳಗೆ, ಅಕ್ಕನ ಕೋಣೆಗೆ ಒಯ್ದು ಇಟ್ಟೆ. ಅಕ್ಕ ಇಳಕಲ್ ಸೀರೆ ಉಡಿಸಿಕೊಂಡು, ದಿಂಬಿಗೆ ಒರಗಿ, ಎಡಗೈಯಲ್ಲಿ ಕನ್ನಡಕ, ಬಲಗೈಯಲ್ಲಿ ಅಕ್ಷತೆ ಹಿಡಿದು ಕೂತಳು.

"ತಮ್ಮಾ, ಅಕ್ಷತಾ ಟಿವಿ ಮ್ಯಾಲ ಹಾಕಿದ್ರ ಅದು ಕೆಡೂದಿಲ್ಲಲ್ಲ?"

"ಕೆಟ್ರ ಇನ್ನೊಂದು ತರ್ತೇನಿ. ನೀ ಹಾಕು."

ಮಂಟಪ ಕಂಡಿತು. ಭಾಗ್ಯಶ್ರೀಯ ಮುಖ ಕಂಡಿತು. "ಎಷ್ಟ್ ಸೊರಗ್ಯಾಳೋ!" ಎಂದಳು ಅಕ್ಕ. ಅಷ್ಟರಲ್ಲಿ ಚಿತ್ರ ನಿಂತಿತು. ನಡುವೆ ಚಕ್ರ ತಿರುಗತೊಡಗಿತು. ಮತ್ತೆ ಬಂತು, ಮತ್ತೆ ನಿಂತಿತು. ಮಂತ್ರ ಹೇಳುತ್ತಿದ್ದ ಅಯ್ಯನವರ ಬಾಯಿ ತೆರೆದದ್ದು ತೆರೆದಂತೆಯೇ. ಮುಹೂರ್ತಕ್ಕೆ ಹತ್ತೇ ನಿಮಿಷ. ಏಜೆಂಟನಿಗೆ ಫೋನ್ ಹಚ್ಚಿದೆ.

"ಕಾಕಾ, ನಮ್ ಕಡೆ ಮುನ್ನೂರ ಬರೋಬ್ಬರಿ ತೋರಸಾಕತ್ತೈತಿ. ಡಬ್ಬಿ, ಟಿವಿ ಎರಡೂ ಬಂದ್ ಮಾಡಿ ಚಾಲೂ ಮಾಡ್ರಿ, ಕುದರಿ ಓಡಿದಂಗ ಓಡ್ತೈತಿ."

ನಂಬಿದೆ. ಪಡಸಾಲೆಗೆ ಓಡಿ ಬಂದ್ ಮಾಡಿದೆ, ಚಾಲೂ ಮಾಡಿದೆ. ಡಬ್ಬಿಯ ದೀಪಗಳು ಒಂದೊಂದಾಗಿ ಹತ್ತುವುದನ್ನು ನೋಡುತ್ತ ನಿಂತೆ. ಕೆಂಪು ಹೋಗಿ ಹಸಿರು ಆಗಲು ಅದೆಷ್ಟು ಹೊತ್ತು! ಟಿವಿ ಮತ್ತೆ ಕಣ್ಣು ತೆರೆಯುವ ಮೊದಲೇ ನನ್ನ ಫೋನ್ ರಿಂಗಾಯಿತು. ಮಸೂತಿ ಊರಿನ ನಮ್ಮ ಚಿಕ್ಕಪ್ಪನ ಮಗ. ಹೊಲದ ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ನೋಡುತ್ತಿದ್ದನಂತೆ.

"ಅಣ್ಣಾ, ಅಕ್ಷತಾ ಬಿತ್ತ್ ನೋಡು! ಏನ್ ಛಂದ ಕಾಣಸ್ತು! ಅಕ್ಕ ನೋಡಿದಳಿಲ್ಲೋ?"

ಫೋನ್ ಇಟ್ಟುಬಿಟ್ಟೆ. ಕೋಣೆಗೆ ಹೋದೆ. ಅಷ್ಟರಲ್ಲಿ ಕಣ್ಣು ತೆರೆದಿದ್ದ ಟಿವಿಯಲ್ಲಿ ಜನ ಊಟದ ಕಡೆ ಏಳುತ್ತಿದ್ದರು. ಅಕ್ಕನ ಬಲಗೈ ಮುಷ್ಟಿ ಹಾಗೆಯೇ ಮುಚ್ಚಿತ್ತು.

"ಆತೇನೋ?"

"ಆತಕ್ಕಾ."

ಅವಳು ಅಳಲಿಲ್ಲ, ಬೈಯಲಿಲ್ಲ. ಅಕ್ಷತೆಯನ್ನು ಸೆರಗಿನ ತುದಿಗೆ ಗಂಟು ಕಟ್ಟಿದಳು. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೇನೋ.

ಮರುದಿನ ಪರಿಚಯದ ವೈರಿಂಗ್ ಕೆಲಸಗಾರ ಮೈಬೂಬಣ್ಣನನ್ನು ಕರೆಸಿದೆ. ತಲೆ ನೆರೆತ ಮನುಷ್ಯ, ಮಾತು ಕಡಿಮೆ. ಡಬ್ಬಿಯನ್ನು ತಿರುಗಿಸಿ ನೋಡಿದ. ಅಕ್ಕನ ಕೋಣೆಯಲ್ಲಿ ಮೊಬೈಲ್ ಹಿಡಿದು ಸ್ಪೀಡು ನೋಡಿದ. ಮುಳ್ಳು ಎರಡಕ್ಕೆ ಏರಿ ಒಂದಕ್ಕೆ ಇಳಿಯಿತು.

"ಸಾವಕಾರ್ರ, ಈ ಡಬ್ಬಿ ಹಳೇದ್ರಿ. ಯಾರೋ ಬಿಟ್ಟಿದ್ದು ತಂದು ಕುಂದರಿಸ್ಯಾರ. ಮುನ್ನೂರ ಇದರಾಗ ಹಾದು ಬರೂದ ಇಲ್ಲ. ಮ್ಯಾಲ ನಿಮ್ಮ ಗ್ವಾಡಿ ನೋಡ್ರಿ, ಕಲ್ಲು ಮಣ್ಣಿಂದು, ಮೊಳಕ್ಕಿಂತ ದಪ್ಪ. ಎರಡು ಗ್ವಾಡಿ ದಾಟೂದ್ರಾಗ ಅದರ ಜೀವಾ ಹೋಗ್ತೈತಿ."

"ಹಂಗಾದ್ರ ಟಿವಿಗೆ ಎಷ್ಟ್ ಬೇಕಾಗಿತ್ತೋ ಮಾರಾಯಾ?"

"ಒಂದು ಟಿವಿಗೆ ಹತ್ತು ಬಂದು ಮುಟ್ಟಿದ್ರ ಸಾಕ್ರಿ. ಭಾರೀ ದೊಡ್ಡ ಟಿವಿ, ಭಾರೀ ಛಲೋ ಚಿತ್ರ ಅಂದ್ರ ಇಪ್ಪತ್ತೈದು. ಮನಿ ಮಂದಿ ಮೊಬೈಲೂ ಹಿಡ್ಕೊಂಡು ನಿಮಗ ಐವತ್ತು ದಂಡಿ ಆತು, ಮಿಕ್ಕಿ ಉಳೀತೈತಿ. ಆದ್ರ ಅದು ಟಿವಿ ತನಕ ಮುಟ್ಟಬೇಕಲ್ರಿ?"

ಡಬ್ಬಿಯಿಂದ ಕಿಟಕಿಯ ಸಂದಿಯಲ್ಲಿ ಒಂದು ತಂತಿ ಹಾಯಿಸಿ ನೇರ ಟಿವಿಗೇ ಚುಚ್ಚಿದ. ಅರ್ಧ ಗಂಟೆಯ ಕೆಲಸ. ಚಿತ್ರ ನೀರಿನಂತೆ ಹರಿಯಿತು. ನನ್ನ ಮೈ ಉರಿದುಹೋಯಿತು. ಬರೇ ಒಂದು ತಂತಿ!

ಡಬ್ಬಿ ಕಿತ್ತುಕೊಂಡು ಅಂಗಡಿಗೆ ಹೋಗಿ ಅವನ ಟೇಬಲ್ಲಿನ ಮೇಲೆ ಕುಕ್ಕಿದೆ.

"ಹಳೇ ಡಬ್ಬಿ ಕೊಟ್ಟು ಮುನ್ನೂರ ಅಂತ ಯಾಕ ಹೇಳಿದೆಲೇ?"

ಅವನು ನಕ್ಕ. "ಕಾಕಾ, ಜಗ್ಗಾಡಿ ಪುಕ್ಕಟೆ ಕೇಳಿದವ್ರು ನೀವು. ಪುಕ್ಕಟೆದು ಹೆಂಗಿರ್ತೈತಿ ಮತ್ತ? ಮುನ್ನೂರ ನಿಮ್ಮ ಬಾಗಲಿಗೆ ಮುಟ್ಟೈತಿಲ್ರಿ?"

"ಪುಕ್ಕಟೆ ಕೇಳಿದ್ದು ಖರೆ. ಹಳೇದೈತಿ, ಒಳಗ ಮುಟ್ಟೂದಿಲ್ಲ ಅಂತ ಒಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು? ಸಂತ್ಯಾಗ ನಾವು ಟವೆಲ್ ಹೊಚ್ಚೂಕ್ಕಿಂತ ಮೊದಲ ಎತ್ತಿನ ಐಬು ಹೇಳ್ತೇವಿ. ಕುಂಟಿದ್ರ ಕುಂಟು ಅಂತೇವಿ, ಹಾಯೂದಿದ್ರ ಹಾಯ್ತೈತಿ ಅಂತೇವಿ. ದನಾ ಮಾರಾವ್ರಿಗೆ ಇರೂ ಮರ್ಯಾದಿ ನಿನಗಿಲ್ಲಲೋ!"

ಅಂಗಡಿ ಮುಂದೆ ಜನ ಸೇರಿದರು. ಹೊಸ ಡಬ್ಬಿ ಕೊಡುತ್ತೇನೆ ಎಂದ, ಇಸಿದುಕೊಂಡೆ. ಮುನ್ನೂರರದು ಬಿಡಿಸಿ ಐವತ್ತರದಕ್ಕೆ ಇಳಿಸು ಎಂದು ಅಲ್ಲೇ ನಿಂತು ಮಾಡಿಸಿಕೊಂಡು ಬಂದೆ. ಆದರೆ ಹೋದ ಮುಹೂರ್ತವನ್ನು ಯಾರಿಂದ ವಾಪಸು ಪಡೆಯಲಿ?

ಸಿಟ್ಟು ಅವನ ಮೇಲೆ ಮಾತ್ರ ಇದ್ದಿದ್ದರೆ ಇಷ್ಟೊತ್ತಿಗೆ ಆರುತ್ತಿತ್ತು. ನನ್ನ ಮೇಲೂ ಇದೆ. ನಮ್ಮಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅಷ್ಟಕ್ಕೇ ನಂಬದೆ ತನ್ನ ಹೊಲದ ಎರೆ ಮಣ್ಣಿನಲ್ಲಿ ಹೂಡಿ ನೋಡಿದ ಮೇಲೆಯೇ ಒಪ್ಪುತ್ತಾನೆ. ಊರಿಗೆಲ್ಲ ಅದನ್ನೇ ಬೋಧಿಸುವ ನಾನು ದರ ಮುರಿದ ಖುಷಿಯಲ್ಲಿ ಅಕ್ಕನ ಕೋಣೆಯಲ್ಲಿ ಒಮ್ಮೆಯೂ ಹಚ್ಚಿ ನೋಡಲಿಲ್ಲ. ಆದ್ದರಿಂದ ಹೇಳುತ್ತೇನೆ: ಏಜೆಂಟ್ ಎಷ್ಟೇ ದೊಡ್ಡ ಅಂಕಿ ಹೇಳಲಿ, ಟಿವಿ ಎಲ್ಲಿ ಇಡುತ್ತೀರೋ ಅಲ್ಲಿಗೇ ಅವನನ್ನು ಕರೆದೊಯ್ಯಿರಿ, ಅಲ್ಲೇ ನಡೆಸಿ ತೋರಿಸು ಎನ್ನಿರಿ. ದರದ ಮಾತು ಆಮೇಲೆ.

ಫೋಟೋದವರು ಮದುವೆಯ ಪೂರ್ತಿ ರೆಕಾರ್ಡಿಂಗ್ ಕಳಿಸಿದ್ದಾರೆ. ಈಗ ಅದು ಎಲ್ಲೂ ನಿಲ್ಲದೆ ಓಡುತ್ತದೆ. ಅಕ್ಷತೆ ಬೀಳುವ ಜಾಗಕ್ಕೇ ತಂದು ನಿಲ್ಲಿಸಿ, "ಹಚ್ಚಲೇನಕ್ಕಾ?" ಎಂದು ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಅಕ್ಕ ಕನ್ನಡಕ ತೆಗೆದು ಪಕ್ಕಕ್ಕಿಟ್ಟಿದ್ದಾಳೆ.

"ಬ್ಯಾಡೋ ತಮ್ಮಾ. ಅದರಾಗ ನನ್ನ ಅಕ್ಷತಾ ಬಿದ್ದಿಲ್ಲ."