ದಾಕ್ಷಿಣ್ಯದ ಕಷಾಯ

ಅಪ್ಪನಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅದರಲ್ಲೂ ಔಷಧಿ ಕೊಡುವವರಿಗೆ ಬೇಡ ಎನ್ನಲು ಸುತರಾಂ ಬರುತ್ತಿರಲಿಲ್ಲ.

ಅದು ಗಣಿ ಧೂಳಿನ ಕಾಲ. ಅದಿರು ತುಂಬಿದ ಲಾರಿಗಳು ಹೊಸಪೇಟೆಯನ್ನು ಸೀಳಿಕೊಂಡು ಹೋಗುತ್ತಿದ್ದವು. ಊರಿಗೆ ದುಡ್ಡು ಹರಿದು ಬಂತು ಎಂದು ಎಲ್ಲರೂ ಹೇಳುತ್ತಿದ್ದರು; ನಮ್ಮ ಮನೆಗೆ ಬಂದದ್ದು ಧೂಳು ಮಾತ್ರ. ಅಮ್ಮ ಮಡಿಗೆಂದು ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಕಾವಿಯಾಗುತ್ತಿತ್ತು. ಇನ್ನು ನಾನು ಸನ್ಯಾಸ ತಗೊಂಡ ಹಾಗೆಯೇ ಎಂದು ಅಪ್ಪ ನಗುತ್ತಿದ್ದರು. ನಗು ಮುಗಿಯುವ ಮೊದಲೇ ಕೆಮ್ಮು ಹತ್ತುತ್ತಿತ್ತು.

ಕೆಮ್ಮು ಓಣಿಗೆ ಕೇಳಿಸಿದ್ದೇ ತಡ, ಮದ್ದು ಹಿಡಿದು ಜನ ಬಂದರು. ಮಲಪನಗುಡಿಯ ಸೋದರತ್ತೆ ಎದೆಗೆ ತಿಕ್ಕುವ ಎಣ್ಣೆ ತಂದರು. ಹಾಲು ಹಾಕುವವನು ಪಾಪಿನಾಯಕನಹಳ್ಳಿಯ ಹೊಲದಿಂದ ಯಾವುದೋ ಸೊಪ್ಪು ತಂದ. ಮಠಕ್ಕೆ ಬರುವ ಸ್ನೇಹಿತರೊಬ್ಬರು ಪ್ರಾಣಾಯಾಮ ಹೇಳಿಕೊಟ್ಟರು. ಅಪ್ಪ ಎಲ್ಲವನ್ನೂ ತಿಕ್ಕಿಕೊಂಡರು, ನುಂಗಿದರು, ಉಸಿರಾಡಿದರು. ಬೇಡವೆಂದರೆ ಕೊಟ್ಟವರು ಏನಂದುಕೊಂಡಾರು ಎಂಬುದೇ ಅವರ ಚಿಂತೆ.

ಇವರೆಲ್ಲರ ಮೇಲೆ ಇಬ್ಬರು ದೊಡ್ಡವರು. ಒಬ್ಬರು ಅಪ್ಪನ ಬಿಪಿಯನ್ನು ವರ್ಷಗಳಿಂದ ನೋಡುತ್ತಿದ್ದ ನಮ್ಮ ಡಾಕ್ಟರು. ಕೆಮ್ಮಿಗೆ ಇನ್‌ಹೇಲರ್ ಕೊಟ್ಟವರೂ ಅವರೇ. ಇನ್ನೊಬ್ಬರು ಸಂಡೂರಿನ ನಾಟಿ ಔಷಧಿಯ ಪಂಡಿತರು. ಅವರು ಕೊಟ್ಟದ್ದು ಜ್ಯೇಷ್ಠಮಧು ಬೆರೆಸಿದ ಕಷಾಯದ ಪುಡಿ. ಸ್ವಲ್ಪ ದಿನ ಕುಡಿದು ಬಿಡಿ ಎಂದಿದ್ದರಂತೆ. ಆದರೆ ಜ್ಯೇಷ್ಠಮಧು ಬಾಯಿಗೆ ಸಿಹಿ, ಅಪ್ಪನಿಗೆ ಸಿಹಿಯೆಂದರೆ ಜೀವ. ಪುಡಿ ಮುಗಿದ ಮೇಲೆ ಗ್ರಂಧಿಗೆ ಅಂಗಡಿಯಿಂದ ಅದೇ ಸಾಮಾನು ತರಿಸಿ, ತಾವೇ ಕುಟ್ಟಿ, ಕಾಫಿಯ ಲೋಟದಲ್ಲಿ ಕುಡಿಯತೊಡಗಿದರು. ತಿಂಗಳುಗಳೇ ಕಳೆದವು.

ಡಾಕ್ಟರ ಹತ್ತಿರ ಹೋಗುವ ದಿನ ಅಪ್ಪ ಏಲಕ್ಕಿ ಅಗಿಯುತ್ತಿದ್ದರು, ಕಷಾಯದ ವಾಸನೆ ಗೊತ್ತಾಗಬಾರದೆಂದು. ಪಂಡಿತರು ಮನೆಗೆ ಬರುವ ದಿನ ಮಾತ್ರೆ, ಇನ್‌ಹೇಲರ್ ಎಲ್ಲ ದೇವರಮನೆಯ ಗೂಡಿಗೆ ಸೇರುತ್ತಿದ್ದವು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಹೇಳಿದರೆ ಅವರ ಕೈಗುಣದ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತದಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಷಾಯ ಅಡುಗೆಮನೆಯದು, ಸಾರಿಗೆ ಏನು ಹಾಕಿದೆವೆಂದು ಡಾಕ್ಟರಿಗೆ ಹೇಳುತ್ತೇವೇನು ಎಂದು ಅಪ್ಪ ವಾದಿಸುತ್ತಿದ್ದರು. ವಾದದಲ್ಲಿ ಅವರನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅಷ್ಟರಲ್ಲಿ ಬಿಪಿ ಏರಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಮತ್ತೂ ಏರಿತು. ಇನ್ನೊಂದು ಮಾತ್ರೆ ಸೇರಿಸಿದರು, ಕಾಲು ಬಾತುಕೊಂಡವು. ಅಮ್ಮನ ಮುಖ ಸಣ್ಣದಾಯಿತು. ಕಂಪ್ಲಿಯಲ್ಲಿದ್ದ ನನ್ನ ಸೋದರಮಾವ ಹೀಗೆಯೇ ಬಿಪಿ ಏರಿ, ಒಂದು ಬೆಳಿಗ್ಗೆ ಏಳುವಾಗ ಮಾತು ಕಳೆದುಕೊಂಡಿದ್ದರು. ತಂಗಿಯಾದ ಅಮ್ಮನನ್ನು ನೋಡಿ ಬಾಯಿ ತೆರೆಯುತ್ತಿದ್ದರು, ಶಬ್ದ ಹೊರಡುತ್ತಿರಲಿಲ್ಲ. ಅಪ್ಪನಿಂದ ಮಾತು ತೆಗೆದರೆ ಉಳಿಯುವುದಾದರೂ ಏನು? ನನಗೂ ಭಯವಾಗಿತ್ತು.

ಆಗಲೇ ಅಮ್ಮನಿಗೊಂದು ಹೊಸ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಅಪ್ಪ ಎದ್ದು ಕೂತ ಕೂಡಲೇ ಅಡುಗೆಮನೆಯಿಂದ ಕೇಳುವರು, ಇವತ್ತು ತಿಥಿ ಯಾವುದು ಎಂದು. ಪಂಚಾಂಗವೇ ಬೇಕಾದರೆ ಅಮ್ಮನನ್ನು ಕೇಳಿ ತಿದ್ದಿಕೊಳ್ಳಬೇಕು, ಅಂಥವರು. ಅಪ್ಪ ಮಾತ್ರ ಸಂಭ್ರಮದಿಂದ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಲ್ಲ ಹೇಳಿ, ನಿಮ್ಮಮ್ಮನಿಗೆ ಈಚೆಗೆ ಮರೆವು ಎಂದು ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಾನೂ ಅಮ್ಮನೂ ಜೊತೆಗಿದ್ದೆವು. ಹೊರಗಿನ ಬೆಂಚಿನ ಮೂಲೆಯಲ್ಲಿ, ತಲೆಯ ಮೇಲೆ ಟವೆಲ್ ಎಳೆದುಕೊಂಡು ಒಬ್ಬರು ಕೂತಿದ್ದರು. ಸಂಡೂರಿನ ಪಂಡಿತರು. ಅಪ್ಪ ಗಕ್ಕನೆ ಬಾಗಿಲ ಕಡೆ ತಿರುಗಿದರು. ಅಮ್ಮ ಅಂಗಿಯ ತುದಿ ಹಿಡಿದಿದ್ದರಿಂದ ಹೋಗಲಾಗಲಿಲ್ಲ. ಪಂಡಿತರಿಗೂ ಓಡುವ ಆಸೆ ಇತ್ತು, ಆದರೆ ನಡುವೆ ನಾನು ನಿಂತಿದ್ದೆ.

ಸಂತೆಯಲ್ಲಿ ಸಿಕ್ಕ ಬೀಗರ ಹಾಗೆ ಇಬ್ಬರೂ ಮಳೆ ಬೆಳೆಯ ಮಾತಾಡಿದರು. ಕೊನೆಗೆ ಪಂಡಿತರೇ ಸೋತು, ಶುಗರಿಗೆ ಇಲ್ಲೇ ತೋರಿಸುತ್ತೇನೆ ಎಂದು ಒಪ್ಪಿಕೊಂಡರು. ಅಪ್ಪ ಬಿಪಿ ಎಂದರು. ಪಂಡಿತರ ಮುಖದ ನಗು ಹೋಯಿತು.

"ಬಿಪಿ ಐತಂತ ನನಗ್ಯಾಕ ಹೇಳಲಿಲ್ರಿ? ಆ ಪುಡಿ ಬಿಟ್ಟೀರಿಲ್ಲೋ?"

ದಿನಾ ಎರಡು ಲೋಟ ಎಂದು ನಾನು ಹೇಳಿಬಿಟ್ಟೆ. ಪಂಡಿತರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ನಮ್ಮ ಸರದಿ ಬಂದಾಗ ಅವರೂ ಒಳಗೆ ಬಂದರು.

ಡಾಕ್ಟರು ಎಲ್ಲವನ್ನೂ ಕೇಳಿ ತಲೆಗೆ ಕೈ ಹಚ್ಚಿದರು. ಜ್ಯೇಷ್ಠಮಧು ಹೆಚ್ಚಾದರೆ ಬಿಪಿ ಏರುತ್ತದೆ, ಕಾಲೂ ಬಾತುಕೊಳ್ಳುತ್ತವೆ, ಇಷ್ಟು ದಿನ ನಾನು ಮಾತ್ರೆ ಕೊಟ್ಟದ್ದು ಕಷಾಯದ ಜೊತೆ ಕುಸ್ತಿ ಆಡಲಿಕ್ಕೆ ಎಂದರು. ಕಷಾಯ ಅಲ್ಲಿಗೇ ನಿಂತಿತು. ರಕ್ತಪರೀಕ್ಷೆಗೆ ಬರೆದರು. ಎಣ್ಣೆ, ಪ್ರಾಣಾಯಾಮ ಬೇಕಾದರೆ ಇರಲಿ, ಇನ್‌ಹೇಲರ್ ಮಾತ್ರ ಬಿಡಕೂಡದು ಎಂದರು. ಆಮೇಲೆ ಅಪ್ಪನಿಗೂ ಪಂಡಿತರಿಗೂ ಸೇರಿಸಿ ಹೇಳಿದರು.

"ಏನರೆ ತಗೊಳ್ರಿ, ನನಗ ಹೇಳಿ ತಗೊಳ್ರಿ. ಮುಚ್ಚಿಟ್ರ ನಾ ಹೆಂಗ ನೋಡ್ಲಿ?"

ಕೈಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯೇ, ಮಾತು ತೊದಲಿದೆಯೇ ಎಂದು ಡಾಕ್ಟರು ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದರು.

"ಇಲ್ರಿ. ಅದಕ್ಕಂತನ ದಿನಾ ಮುಂಜಾನೆ ತಿಥಿ ಕೇಳ್ತೀನಿ. ಇನ್ನೂ ತನಕ ಒಂದಕ್ಷರ ತಪ್ಪಿಲ್ಲ."

ಅಪ್ಪ ಅಮ್ಮನ ಕಡೆ ತಿರುಗಿ ನೋಡಿದರು. ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಬಿಪಿ ಇಳಿಯಲು ಕೆಲವು ವಾರಗಳೇ ಹಿಡಿದವು. ಬಾವು ಇಳಿಯಿತು, ಹೊಸದಾಗಿ ಸೇರಿಸಿದ್ದ ಮಾತ್ರೆ ನಿಂತಿತು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಅಪ್ಪ ಎದ್ದು ಕೂತರು. ಅಡುಗೆಮನೆಯಿಂದ ಪ್ರಶ್ನೆ ಬರಲಿಲ್ಲ. ಕಾಫಿ ಬಂತು, ಪೇಪರು ಬಂತು, ಪ್ರಶ್ನೆ ಮಾತ್ರ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಚಡಪಡಿಸಿ, ತಾವೇ ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಇವತ್ತ ದಶಮಿ."

"ಗೊತ್ತದ," ಎಂದರು ಅಮ್ಮ, ತಿರುಗಿ ನೋಡದೆ.

ಅಪ್ಪ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅಮ್ಮ ಒಲೆ ಸಣ್ಣದು ಮಾಡಿದರು.

"ನಕ್ಷತ್ರ ಯಾವುದು ಹೇಳ್ರಿ."